ಬೇನೆಯ ಕಾಲದಲ್ಲಿ ಬೀದಿಯಂಗಡಿ

ಯುದ್ಧದ ಚರಿತ್ರೆಯನ್ನು ಬರೆದವರು ಬಹಳ. ಬೇನೆಯ ಚರಿತ್ರೆಯನ್ನು ಬರೆದವರು ಕಡಮೆ. ಬೇನೆ ಬಂದಾಗ ಬೀದಿಯ ಮೂಲೆಯ ದಿನಸಿ ಅಂಗಡಿಯವನು ಏನು ಮಾಡಿದ ಎಂಬುದನ್ನು ಬರೆದಿಟ್ಟವರು ಇನ್ನೂ ಕಡಮೆ. ಸರ್ಕಾರದ ಆಜ್ಞೆಗಳು ಉಳಿದಿವೆ, ವೈದ್ಯರ ವರದಿಗಳು ಉಳಿದಿವೆ, ಸತ್ತವರ ಲೆಕ್ಕವೂ ಉಳಿದಿದೆ. ಅಂಗಡಿಯವನ ಕಿರ್ದಿ ಪುಸ್ತಕವನ್ನು ಜೋಪಾನ ಮಾಡಬೇಕೆಂದು ಯಾರಿಗೂ ತೋರಲಿಲ್ಲ. ಆದರೆ ಒಂದು ಊರು ಪಿಡುಗನ್ನು ದಾಟಿ ಬಂದಿತೆಂದರೆ, ಆ ದಿನಗಳಲ್ಲಿ ಯಾರೋ ಒಬ್ಬರು ಅಕ್ಕಿ ಅಳೆದು ಕೊಟ್ಟಿರಲೇಬೇಕು. ಉಪ್ಪು, ಎಣ್ಣೆ, ಸೌದೆ ಒದಗಿಸಿರಲೇಬೇಕು. ಅವರು ಹೇಗೆ ಬದುಕಿದರು? ಅವರಿಗಾದ ನಷ್ಟವನ್ನು ಹೊತ್ತವರು ಯಾರು? ೨೦೨೦ ಮತ್ತು ೨೦೨೧ರ ಕೊರೋನಾ ದಿನಗಳನ್ನು ಕಂಡುಂಡಿರುವ ನಮಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ನಮ್ಮ ನಾಡಿನಿಂದಲೇ ಮೊದಲುಮಾಡೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಕೇರಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಮಾಂಡವಿಯೆಂದರೆ ಬಂದರಿನ ಮಗ್ಗುಲಿನ ದವಸದ ಉಗ್ರಾಣಗಳ ಕೇರಿ. ದವಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ, ಚಿಗಟದಿಂದ ಮನುಷ್ಯನಿಗೆ ಬೇನೆ. ಇಂದು ಶಾಲೆಯ ಹುಡುಗರೂ ಬಲ್ಲ ಈ ಸರಪಣಿ ಅಂದಿನವರಿಗೆ ತಿಳಿದಿರಲಿಲ್ಲ. ಫ್ರೆಂಚ್ ವೈದ್ಯ ಸಿಮಾಂಡ್ ಚಿಗಟದ ಮಾತನ್ನು ಹೇಳಿದ್ದೇ ೧೮೯೮ರಲ್ಲಿ. ಅದನ್ನು ಲೋಕ ಒಪ್ಪುವುದಕ್ಕೆ ಇನ್ನೂ ಹಲವು ವರ್ಷಗಳು ಹಿಡಿದವು. ಅಲ್ಲಿಯವರೆಗೆ ದವಸದ ವ್ಯಾಪಾರಿ ತನಗರಿಯದೆಯೇ ಬೇನೆಯ ಮನೆಯೊಳಗೆ ಕುಳಿತು ವ್ಯಾಪಾರ ಮಾಡುತ್ತಿದ್ದ. ಮುಂಬಯಿಯಿಂದ ಹೊರಟ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು.

ಅಂದಿನ ಬೆಂಗಳೂರಿನ ಪೇಟೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ತರಗುಪೇಟೆ, ಅರಳೆಪೇಟೆ, ಬಳೇಪೇಟೆ, ನಗರ್ತಪೇಟೆ, ಚಿಕ್ಕಪೇಟೆ ಎಂದು ಒಂದೊಂದು ಕಸುಬಿಗೆ, ಒಂದೊಂದು ಸಮುದಾಯಕ್ಕೆ ಒಂದೊಂದು ಬೀದಿ. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ, ಮೇಲೆ ಅಟ್ಟದಲ್ಲಿ ಸರಕು. ಸಣ್ಣ ವ್ಯಾಪಾರಿಯ ಬಲವೆಲ್ಲ ಈ ಏರ್ಪಾಟಿನಲ್ಲಿಯೇ ಇತ್ತು. ಮಳಿಗೆಗೆ ಬೇರೆ ಬಾಡಿಗೆಯಿಲ್ಲ, ಆಳುಕಾಳಿನ ಖರ್ಚಿಲ್ಲ. ಹೆಂಡತಿ ಮಕ್ಕಳ ದುಡಿಮೆಯೂ ಅಂಗಡಿಗೇ ಸೇರುತ್ತಿತ್ತು. ಒಳ್ಳೆಯ ಕಾಲದಲ್ಲಿ ಬಲವಾಗಿದ್ದುದು ಬೇನೆಯ ಕಾಲದಲ್ಲಿ ಕುತ್ತಾಯಿತು. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಕಾಣಿಸಿಕೊಂಡರೆ ಅಂಗಡಿಯ ಬಾಗಿಲೂ ಮುಚ್ಚಬೇಕು. ಸೋಂಕು ತಗುಲಿದ ಮನೆಯನ್ನು ಬರಿದುಮಾಡಿ, ಔಷಧಿಯ ನೀರಿನಿಂದ ತೊಳೆದು, ಸುಣ್ಣ ಬಳಿಯುವುದು ಆ ಕಾಲದ ಕ್ರಮ. ಜೊತೆಗೆ ಬಟ್ಟೆಬರೆ, ಚಾಪೆ, ಚೀಲಗಳನ್ನು ಸುಡುವುದೂ ಉಂಟು. ಮನೆಯೂ ಅಂಗಡಿಯೂ ಒಂದೇ ಆದವನಿಗೆ ಇದರಿಂದಾದ ನಷ್ಟ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನಗಣತಿಯ ಅಂಕಿಗಳು ಮಿಕ್ಕ ಕಥೆಯನ್ನು ಹೇಳುತ್ತವೆ. ೧೮೯೧ರಲ್ಲಿ ನಗರ ಮತ್ತು ದಂಡು ಪ್ರದೇಶಗಳೆರಡೂ ಸೇರಿ ಬೆಂಗಳೂರಿನ ಜನಸಂಖ್ಯೆ ೧,೮೦,೩೬೬. ಹತ್ತು ವರ್ಷಗಳ ತರುವಾಯ, ೧೯೦೧ರಲ್ಲಿ, ಅದು ೧,೫೯,೦೪೬ಕ್ಕೆ ಇಳಿದಿತ್ತು. ಮೈಸೂರು ನಗರದಲ್ಲಿಯೂ ೭೪,೦೪೮ ಇದ್ದದ್ದು ೬೮,೧೧೧ ಆಯಿತು. ಇವರೆಲ್ಲ ಸತ್ತವರಲ್ಲ, ಊರು ಬಿಟ್ಟು ಹೋದವರೂ ಇದರಲ್ಲಿ ಸೇರಿದ್ದಾರೆ. ಆದರೆ ಅಂಗಡಿಯವನ ಲೆಕ್ಕದಲ್ಲಿ ಈ ಭೇದ ಅಷ್ಟು ದೊಡ್ಡದಲ್ಲ. ಸತ್ತ ಗಿರಾಕಿಯೂ ಬರುವುದಿಲ್ಲ, ಗುಳೆ ಹೋದ ಗಿರಾಕಿಯೂ ಬರುವುದಿಲ್ಲ. ಇಬ್ಬರ ಹೆಸರಿನಲ್ಲಿಯೂ ಉದರಿ ಬಾಕಿ ನಿಂತಿರುತ್ತದೆ.

ಇಂಥ ಸ್ಥಿತಿಯಲ್ಲಿ ಸಣ್ಣ ವ್ಯಾಪಾರಿಗೆ ತೋರಿದ ಮೊದಲನೆಯ ದಾರಿ ಬಹಳ ಹಳೆಯದು: ಗಿರಾಕಿ ಹೋದಲ್ಲಿಗೆ ತಾನೂ ಹೋಗುವುದು. ಪ್ಲೇಗು ಬಂದರೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಲವು ದಶಕ ನಡೆದುಬಂತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು (೧೯೭೦) ಓದಿದವರಿಗೆ ಆ ಗುಡಿಸಲುಗಳ ಬಾಳು ಪರಿಚಿತವೇ. ಊರೇ ಬಯಲಿಗೆ ಬಂದ ಮೇಲೆ ಉಪ್ಪು ಮೆಣಸಿನಕಾಯಿಗಳೂ ಬಯಲಿಗೆ ಬರಬೇಕಷ್ಟೆ. ಪಟ್ಟಣದಲ್ಲಿ ಇದೇ ಚಲನೆ ಇನ್ನೊಂದು ರೂಪ ತಾಳಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಪ್ಲೇಗಿಗೆ ಮೊದಲೇ ಹುಟ್ಟಿದ್ದರೂ, ಅಲ್ಲಿಗೆ ಜನರನ್ನು ಅಟ್ಟಿದ್ದು ಪ್ಲೇಗಿನ ಭಯವೇ. ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಎಂಬ ಬಡಾವಣೆ ಇಲಿಗಳಿಗೆ ಎಡೆಗೊಡದ ಮನೆಗಳಿಗೆಂದೇ ಹೆಸರಾಯಿತು. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ತ ಮಂಡಳಿ ಸ್ಥಾಪಿತವಾಯಿತು. ಹೊಸ ಬಡಾವಣೆಗೆ ಮನೆ ಕಟ್ಟಿಕೊಂಡು ಹೋದವರು ನೌಕರಿಯ ಜನ, ವಕೀಲರು, ಉಪಾಧ್ಯಾಯರು. ಅವರ ಹಿಂದೆಯೇ ಹಾಲಿನವರು, ಹೂವಿನವರು, ತರಕಾರಿಯವರು, ದಿನಸಿಯವರು. ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ಹೂವು ಹಣ್ಣು ಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗೆ, ಆ ಬೀದಿಯ ಹಿಂದೆ ಒಂದು ಮಹಾಮಾರಿಯ ನೆರಳಿದೆಯೆಂಬುದು ನೆನಪಿದೆ?

ಆದರೆ ಈ ದಾರಿ ಎಲ್ಲರಿಗೂ ತೆರೆದದ್ದಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತವಳು ಗಿರಾಕಿಯ ಹಿಂದೆ ಹೋಗಬಲ್ಲಳು. ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ ಕಬ್ಬನ್‌ಪೇಟೆಯ ನೇಕಾರ ಏನು ಮಾಡಬೇಕು? ಕುಲುಮೆಯನ್ನು ಹೊತ್ತುಕೊಂಡು ಕಮ್ಮಾರ ಎಲ್ಲಿಗೆ ಹೋಗಬೇಕು? ಮತ್ತೊಂದು ಮಾತು. ಬೇನೆಯ ಕಾಲದಲ್ಲಿ ಜನ ಅಕ್ಕಿಯನ್ನು ಕೊಳ್ಳದೆ ಇರಲಾರರು. ಸೀರೆಯನ್ನೂ ಬಳೆಯನ್ನೂ ಕೊಳ್ಳದೆ ಇರಬಲ್ಲರು. ಮದುವೆ ನಿಂತರೆ ಜವಳಿ ನಿಂತಿತು, ಜಾತ್ರೆ ನಿಂತರೆ ಆಟಿಕೆ ಮಿಠಾಯಿಗಳು ನಿಂತವು. ‘ಸಣ್ಣ ವ್ಯಾಪಾರಿ’ ಎಂಬ ಒಂದೇ ಹೆಸರಿನ ಕೆಳಗೆ ಇರುವ ಜನರ ಪಾಡು ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ಎರಡನೆಯ ದಾರಿ, ಇದ್ದಲ್ಲಿಯೇ ಇದ್ದು ಕೈಗೂ ಕೈಗೂ ನಡುವೆ ಅಂತರವನ್ನು ಕಲ್ಪಿಸುವುದು. ಇದಕ್ಕೆ ನಿದರ್ಶನ ಬೇಕಾದರೆ ಯೂರೋಪಿನ ಕಡೆ ತಿರುಗಬೇಕು. ಇಟಲಿಯ ಫ್ಲಾರೆನ್ಸ್ ನಗರದ ಹಳೆಯ ಸೌಧಗಳ ಗೋಡೆಗಳಲ್ಲಿ ಒಂದು ಅಡಿ ಎತ್ತರದ ಸಣ್ಣ ಸಣ್ಣ ಕಿಂಡಿಗಳಿವೆ. ಈಗಲೂ ನೂರೈವತ್ತಕ್ಕೂ ಮಿಕ್ಕಿ ಉಳಿದಿವೆ. ತೋಟಗಳ ಒಡೆಯರು ತಮ್ಮ ದ್ರಾಕ್ಷಾರಸವನ್ನು ಮನೆಯಿಂದಲೇ ಚಿಲ್ಲರೆಯಾಗಿ ಮಾರಲು ಮಾಡಿಕೊಂಡ ಕಿಂಡಿಗಳು ಅವು. ೧೬೩೦ರಲ್ಲಿ ಆ ನಗರಕ್ಕೆ ಪ್ಲೇಗು ಬಂದಾಗ ಆ ಕಿಂಡಿಗಳಿಗೆ ಹೊಸ ಬೆಲೆ ಬಂತು. ಆ ಬೇನೆಯ ವೃತ್ತಾಂತವನ್ನು ರೊಂಡಿನೆಲ್ಲಿ ಎಂಬ ವಿದ್ವಾಂಸ ೧೬೩೪ರಲ್ಲಿ ಪ್ರಕಟಿಸಿದ. ಮಾರುವವನು ಗಿರಾಕಿಯ ನಾಣ್ಯವನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಲೋಹದ ಸಟ್ಟುಗದಂಥ ಸಾಧನವನ್ನು ಚಾಚಿ ಅದರ ಮೇಲೆ ಹಾಕಿಸಿಕೊಂಡು ವಿನೆಗರಿನಲ್ಲಿ ಅದ್ದುತ್ತಿದ್ದ. ಗಿರಾಕಿ ಮುಟ್ಟಿದ ಸೀಸೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಲಂಡನ್ನಿನ ೧೬೬೫ರ ಮಹಾಮಾರಿಯನ್ನು ಕುರಿತು ಡ್ಯಾನಿಯಲ್ ಡೆಫೊ ೧೭೨೨ರಲ್ಲಿ ಬರೆದ ಪುಸ್ತಕದಲ್ಲಿಯೂ ಇಂಥದೇ ಚಿತ್ರವಿದೆ. ಗಿರಾಕಿ ಮಾಂಸವನ್ನು ಕಟುಕನ ಕೈಯಿಂದ ಪಡೆಯದೆ ತಾನೇ ಕೊಕ್ಕೆಯಿಂದ ಇಳಿಸಿಕೊಳ್ಳುತ್ತಾನೆ. ಕಟುಕ ದುಡ್ಡನ್ನು ಮುಟ್ಟದೆ ವಿನೆಗರಿನ ಪಾತ್ರೆಗೆ ಹಾಕಿಸಿಕೊಳ್ಳುತ್ತಾನೆ. ಚಿಲ್ಲರೆ ಹಿಂದಕ್ಕೆ ಪಡೆಯುವ ಪ್ರಸಂಗವೇ ಬಾರದಂತೆ ಜನ ಸಣ್ಣ ನಾಣ್ಯಗಳನ್ನು ಜೇಬಿನಲ್ಲಿಟ್ಟುಕೊಂಡು ಹೊರಡುತ್ತಾರೆ. ಅದೇ ೧೬೬೫ರಲ್ಲಿ ಡರ್ಬಿಶೈರಿನ ಈಯಮ್ ಎಂಬ ಹಳ್ಳಿಗೆ ಬೇನೆ ಬಂದದ್ದು ಒಬ್ಬ ದರ್ಜಿಯ ಮನೆಗೆ ಲಂಡನ್ನಿನಿಂದ ತರಿಸಿದ ಬಟ್ಟೆಯ ಗಂಟಿನೊಂದಿಗೆ ಎಂದು ಹೇಳುತ್ತಾರೆ. ಮರುವರ್ಷ ಜೂನಿನಲ್ಲಿ ಆ ಹಳ್ಳಿಯವರು ತಮ್ಮ ಪಾದ್ರಿ ಮಾಂಪೆಸನ್ನನ ಮಾತಿಗೆ ಒಪ್ಪಿ, ನೆರೆಯ ಊರುಗಳಿಗೆ ಬೇನೆ ಹಬ್ಬದಿರಲೆಂದು ತಮ್ಮ ಗಡಿಯನ್ನು ತಾವೇ ಮುಚ್ಚಿಕೊಂಡರು. ಗಡಿಯ ಕಲ್ಲಿನ ಕುಳಿಗಳಲ್ಲಿ ವಿನೆಗರ್ ಹಾಕಿ ನಾಣ್ಯ ಇಡುವುದು. ಹೊರಗಿನವರು ಸಾಮಾನು ಇಟ್ಟು ನಾಣ್ಯ ಒಯ್ಯುವುದು. ಡೆವನ್‌ಶೈರಿನ ಜಮೀನುದಾರ ಪ್ರಭು ಅವರಿಗೆ ಆಹಾರ ಕಳುಹಿಸಿಕೊಟ್ಟ. ಸುಮಾರು ೨೬೦ ಜನ ಅಲ್ಲಿ ತೀರಿಕೊಂಡರು.

ಮೂರೂವರೆ ಶತಮಾನಗಳ ಆಮೇಲೆ ನಮ್ಮ ಬೀದಿಗಳಲ್ಲಿ ಕಂಡದ್ದು ಇದರ ಇನ್ನೊಂದು ಅಧ್ಯಾಯ. ೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ದಿನಸಿ, ಔಷಧಿ, ಹಾಲು, ತರಕಾರಿಯ ಅಂಗಡಿಗಳಿಗೆ ಮಾತ್ರ ಅನುಮತಿ. ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಮೇಜು ಅಥವಾ ಹಗ್ಗ, ಹೊರಗೆ ನೆಲದ ಮೇಲೆ ಸುಣ್ಣದ ವೃತ್ತಗಳು, ದುಡ್ಡಿಗೊಂದು ತಟ್ಟೆ. ಸಾಮಾನಿನ ಪಟ್ಟಿ ದೂರವಾಣಿಯಲ್ಲಿ ಬಂದರೆ ಚೀಲ ಕಟ್ಟಿಟ್ಟು ಕರೆಯುವುದು. ಹಣವನ್ನು ಮೊಬೈಲಿನಲ್ಲಿಯೇ ಸಂದಾಯ ಮಾಡುವುದು. ಹೋಟೆಲುಗಳು ಕುರ್ಚಿಗಳನ್ನು ಮೇಲಕ್ಕೆ ಎತ್ತಿಟ್ಟು ಪಾರ್ಸೆಲ್ ಕಟ್ಟತೊಡಗಿದವು. ರವಿಕೆ ಹೊಲಿಯುತ್ತಿದ್ದ ದರ್ಜಿಗಳು ಮುಖಗವಸು ಹೊಲಿದರು. ಹಾಪ್‌ಕಾಮ್ಸ್ ಸಂಸ್ಥೆ ಹಣ್ಣು ತರಕಾರಿಗಳನ್ನು ವಾಹನಗಳಲ್ಲಿ ಬಡಾವಣೆಗಳಿಗೆ ಒಯ್ದಿತು. ೨೦೨೧ರ ಎರಡನೆಯ ಅಲೆಯಲ್ಲಿ ನಮ್ಮ ರಾಜ್ಯದ ದಿನಸಿ ಅಂಗಡಿಗಳಿಗೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅವಕಾಶವಿದ್ದಾಗ, ಇಡೀ ದಿನದ ವ್ಯಾಪಾರವನ್ನು ನಾಲ್ಕು ಗಂಟೆಗಳಲ್ಲಿ ಮುಗಿಸುವುದನ್ನೂ ಅವರು ಕಲಿತರು. ಬದಲಾದದ್ದು ವಿನೆಗರಿನ ಪಾತ್ರೆ ಮಾತ್ರ. ಕಿಂಡಿಯ ಹಿಂದಿನ ಬುದ್ಧಿ ಹಳೆಯದೇ.

ಇಷ್ಟು ಅಂಗಡಿಯವನ ಸ್ವಂತ ಜಾಣ್ಮೆಗೆ ಸೇರಿದ್ದು. ಆದರೆ ಜಾಣ್ಮೆಯೊಂದರಿಂದಲೇ ಅಂಗಡಿ ಉಳಿಯುವುದಿಲ್ಲ. ಸಣ್ಣ ವ್ಯಾಪಾರ ನಿಂತಿರುವುದು ರೊಕ್ಕದ ಮೇಲಲ್ಲ, ಉದರಿಯ ಮೇಲೆ. ತರಗುಪೇಟೆಯ ಸಗಟು ವ್ಯಾಪಾರಿ ಅಂಗಡಿಯವನಿಗೆ ಕೆಲವು ವಾರಗಳ ವಾಯಿದೆಯ ಮೇಲೆ ಮೂಟೆ ಕೊಡುತ್ತಾನೆ. ಅಂಗಡಿಯವನು ವರ್ತನೆಯ ಮನೆಗಳಿಗೆ ತಿಂಗಳ ಲೆಕ್ಕದ ಮೇಲೆ ಸಾಮಾನು ಕೊಡುತ್ತಾನೆ. ಮನೆಯವರು ಸಂಬಳ ಬಂದಾಗ ಕೊಡುತ್ತಾರೆ. ಬೇನೆ ಬಂದಾಗ ಈ ಸರಪಣಿ ಮೂರು ಕಡೆಯಲ್ಲಿಯೂ ಕಡಿಯುತ್ತದೆ. ಸಗಟಿನವನು ರೊಕ್ಕ ಕೇಳುತ್ತಾನೆ, ಸಂಬಳ ನಿಲ್ಲುತ್ತದೆ, ನಡುವಿನವನು ಎರಡು ಕಲ್ಲುಗಳ ನಡುವಿನ ಕಾಳಾಗುತ್ತಾನೆ. ಸುಮಾರು ಎಂಟೂವರೆ ಲಕ್ಷ ಜನರಿದ್ದ ಮುಂಬಯಿಯನ್ನು ೧೮೯೭ರ ಫೆಬ್ರವರಿಯ ವೇಳೆಗೆ ಹತ್ತಿರ ಹತ್ತಿರ ಅರ್ಧದಷ್ಟು ಜನ ಬಿಟ್ಟುಹೋಗಿದ್ದರು. ಉಳಿದ ಕೂಲಿಗಾರರಿಗಾಗಿ ಗಿರಣಿಗಳವರು ಬೀದಿಯ ಮೂಲೆಗಳಲ್ಲಿ ಹರಾಜಿನಂತೆ ಪೈಪೋಟಿ ನಡೆಸಿ, ಅಂದಿನ ಕೂಲಿಯನ್ನು ಅಂದೇ ಕೊಡಬೇಕಾಯಿತು. ನಾಳೆಯ ಮೇಲೆ ನಂಬಿಕೆ ಹೋದ ಊರಿನಲ್ಲಿ ವಾಯಿದೆಯ ವ್ಯವಹಾರ ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ನಂಬಿಕೆಯ ಇನ್ನೊಂದು ಮುಖವೂ ಇದೆ. ೧೯೧೮ ಯುದ್ಧದ ಬೆಲೆಯೇರಿಕೆ, ಮಳೆಯ ವೈಫಲ್ಯ, ಇನ್‌ಫ್ಲುಯೆಂಜಾ ಮೂರೂ ಒಟ್ಟುಗೂಡಿದ ವರ್ಷ. ಆ ಜ್ವರದಿಂದ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನ ಸತ್ತರು. ಆ ಸೆಪ್ಟೆಂಬರಿನಲ್ಲಿ ಮದರಾಸು ನಗರದಲ್ಲಿ ಅಕ್ಕಿಯ ಅಂಗಡಿ, ಬಟ್ಟೆಯ ಅಂಗಡಿಗಳ ಲೂಟಿ ನಡೆಯಿತು. ಬೆಲೆಯೇರಿಕೆಗೆ ಕಾರಣಗಳು ಹಲವು. ಚಿಲ್ಲರೆ ಅಂಗಡಿಯವನ ಕೈಯಲ್ಲಿ ಅವುಗಳಲ್ಲಿ ಹೆಚ್ಚಿನವು ಇರಲಿಲ್ಲ. ಆದರೆ ಹಸಿದ ಗಿರಾಕಿಯ ಕಣ್ಣಿಗೆ ಕಾಣುವವನು ತಕ್ಕಡಿ ಹಿಡಿದವನೇ. ಕನ್ನಡದಲ್ಲಿ ‘ಕೊಸರು’ ಎಂಬ ಒಂದು ಸೊಗಸಾದ ಮಾತಿದೆ. ಅಳತೆ ಮುಗಿದ ಮೇಲೆ ಅಂಗಡಿಯವನು ಮೇಲಿಂದ ಹಾಕುವ ಒಂದು ಹಿಡಿ, ಸೊಪ್ಪಿನವಳು ಚೀಲಕ್ಕೆ ಸೇರಿಸುವ ನಾಲ್ಕು ಎಸಳು ಕೊತ್ತಂಬರಿ, ಹೂವಾಡಗಿತ್ತಿ ಮೊಳದ ಮೇಲೆ ಬಿಡುವ ಬೆರಳುದ್ದ ಮಾಲೆ. ಸಾಧಾರಣ ಕಾಲದಲ್ಲಿ ಅದು ಸೌಜನ್ಯ. ಬೇನೆಯ ಕಾಲದಲ್ಲಿ ಬೆಲೆಯನ್ನು ಹಿಡಿತದಲ್ಲಿಟ್ಟವನು ತನ್ನ ಬೀದಿಗೆ ಕೊಡುವ ಕೊಸರು ಅದಕ್ಕಿಂತ ದೊಡ್ಡದು. ಬಾಗಿಲು ಮತ್ತೆ ತೆರೆದ ದಿನ ಗಿರಾಕಿ ಅದನ್ನು ಮರೆಯುವುದಿಲ್ಲ. ಗಿರಾಕಿಯ ಕಡೆಯಿಂದಲೂ ಕೊಸರಿದೆ: ಹಳೆಯ ಬಾಕಿಯನ್ನು ಕೇಳುವ ಮುನ್ನ ತೀರಿಸುವುದು, ಅಂಗಡಿ ಮುಚ್ಚಿದ್ದಾಗಲೂ ಹಾಲಿನವನಿಗೋ ದರ್ಜಿಗೋ ಮುಂಗಡ ಕೊಡುವುದು.

ಆದರೂ ನೆರೆಹೊರೆಯ ಒಳ್ಳೆಯತನಕ್ಕೆ ಒಂದು ಮಿತಿಯಿದೆ. ಬೀದಿಗೆ ಬೀದಿಯೇ ಬಡವಾದಾಗ ಯಾರು ಯಾರಿಗೆ ಮುಂಗಡ ಕೊಡಬೇಕು? ಇಲ್ಲಿಂದ ಮುಂದಿನದು ಸರ್ಕಾರದ ಹೊಣೆ. ಇದರಲ್ಲಿ ಚರಿತ್ರೆ ನಮಗೆ ಎರಡು ಮಾದರಿಗಳನ್ನು ತೋರಿಸುತ್ತದೆ.

ಮೇಲೆ ಹೇಳಿದ ಫ್ಲಾರೆನ್ಸಿನಲ್ಲಿ ೧೬೩೧ರ ಜನವರಿಯಲ್ಲಿ ನಲವತ್ತು ದಿನಗಳ ದಿಗ್ಬಂಧನವನ್ನು ವಿಧಿಸಿದರು. ಕಾವಲು ಬಿಗಿಯಾಗಿತ್ತು, ತಪ್ಪಿದವರಿಗೆ ದಂಡವೂ ಇತ್ತು. ಆದರೆ ಮನೆಯೊಳಗೆ ಕೂಡಿಹಾಕಿದ ಜನರಿಗೆ, ಮೂವತ್ತು ಸಾವಿರಕ್ಕೂ ಮಿಕ್ಕವರಿಗೆ, ರೊಟ್ಟಿ, ದ್ರಾಕ್ಷಾರಸ, ವಾರದ ಕೆಲವು ದಿನ ಮಾಂಸ, ಇವನ್ನು ನಗರದ ಆರೋಗ್ಯ ಮಂಡಳಿಯೇ ಮನೆಬಾಗಿಲಿಗೆ ಮುಟ್ಟಿಸಿತು. ದುಡಿಮೆ ನಿಲ್ಲಿಸೆಂದು ಹೇಳಿದವನು ಊಟ ಕೊಡಬೇಕೆಂಬ ನ್ಯಾಯವನ್ನು ನಾಲ್ಕು ಶತಮಾನಗಳ ಹಿಂದೆಯೇ ಅವರು ಒಪ್ಪಿದ್ದರು.

ಇನ್ನೊಂದು ಮಾದರಿ ೧೮೯೭ರ ಪುಣೆ. ಆ ವರ್ಷ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಅಪಾರ ಅಧಿಕಾರವನ್ನು ಕೊಟ್ಟಿತು. ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆ ಮನೆ ಹೊಕ್ಕು ಶೋಧಿಸಿದರು. ಸಾಮಾನುಗಳನ್ನು ಹೊರಗೆಳೆದರು, ಸುಟ್ಟರು. ಜನ ಸಹಕರಿಸಲಿಲ್ಲ, ರೋಗಿಗಳನ್ನು ಬಚ್ಚಿಟ್ಟರು. ಆ ವರ್ಷ ಜೂನ್ ೨೨ರಂದು ಚಾಪೇಕರ್ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದ್ದು ಸರ್ವವಿದಿತ. ಮುಂಬಯಿಯಲ್ಲಿಯೂ ೧೮೯೮ರ ಮಾರ್ಚಿನಲ್ಲಿ ಗಲಭೆಯೂ ಹರತಾಳವೂ ಆದವು. ರೋಗವನ್ನು ಬಚ್ಚಿಟ್ಟ ಜನರನ್ನು ಅಜ್ಞಾನಿಗಳೆಂದು ಅಂದಿನ ವರದಿಗಳು ಜರೆದವು. ಆದರೆ ಯೋಚಿಸಿ ನೋಡೋಣ: ಮನೆಯಲ್ಲಿ ಜ್ವರವಿದೆಯೆಂದು ಹೇಳಿದ ಕೂಡಲೆ ಅಂಗಡಿ ಮುಚ್ಚಿ, ಸರಕು ಸುಟ್ಟು, ಹೆಂಡತಿ ಮಕ್ಕಳನ್ನು ಶಿಬಿರಕ್ಕೆ ಕೊಂಡೊಯ್ಯುವರೆಂದು ತಿಳಿದ ವ್ಯಾಪಾರಿ ಸತ್ಯವನ್ನು ಏಕೆ ಹೇಳಿಯಾನು? ಸತ್ಯ ಹೇಳಿದವನೇ ನಷ್ಟವನ್ನೆಲ್ಲ ಹೊರಬೇಕಾದ ಕಡೆ ಬೇನೆ ಗೋಡೆಯ ಹಿಂದೆ ಅಡಗಿ ಬೆಳೆಯುತ್ತದೆ. ಸಣ್ಣ ವ್ಯಾಪಾರಿಯ ನಷ್ಟವನ್ನು ತುಂಬಿಕೊಡುವುದು ಬರಿಯ ದಯೆಯಲ್ಲ, ಊರಿನ ಆರೋಗ್ಯವನ್ನು ಕಾಯುವ ಉಪಾಯವೂ ಹೌದು.

೨೦೨೦ರಲ್ಲಿ ನಮ್ಮ ಸರ್ಕಾರಗಳು ಈ ಪಾಠವನ್ನು ತಕ್ಕಮಟ್ಟಿಗೆ ಕಲಿತಿದ್ದವೆಂದು ಹೇಳಬೇಕು. ಮೇ ೬ರಂದು ಕರ್ನಾಟಕ ಸರ್ಕಾರ ೧,೬೧೦ ಕೋಟಿ ರೂಪಾಯಿಗಳ ಪರಿಹಾರವನ್ನು ಸಾರಿತು. ಸುಮಾರು ೨,೩೦,೦೦೦ ಕ್ಷೌರಿಕರಿಗೆ, ೬೦,೦೦೦ ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ೫,೦೦೦ ರೂಪಾಯಿ; ಕೈಮಗ್ಗದ ನೇಕಾರರಿಗೆ ೨,೦೦೦ ರೂಪಾಯಿ. ಜೂನ್ ೧ರಂದು ಕೇಂದ್ರ ಸರ್ಕಾರದ ಸ್ವನಿಧಿ ಯೋಜನೆ ಆರಂಭವಾಗಿ, ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದೆ ೧೦,೦೦೦ ರೂಪಾಯಿಗಳವರೆಗೆ ಸಾಲ ದೊರೆಯುವಂತಾಯಿತು. ಕಂತನ್ನು ಸಕಾಲದಲ್ಲಿ ತೀರಿಸಿದವರಿಗೆ ಬಡ್ಡಿಯಲ್ಲಿ ಶೇಕಡ ೭ರ ಸಹಾಯ. ಬ್ಯಾಂಕುಗಳ ಸಾಲದ ಕಂತುಗಳನ್ನು ಆಗಸ್ಟ್ ಕೊನೆಯವರೆಗೆ ಮುಂದೂಡಲು ಅವಕಾಶವಿತ್ತು. ತಳ್ಳುಗಾಡಿಯವನ ಹೆಸರು ಬ್ಯಾಂಕಿನ ಪುಸ್ತಕಕ್ಕೆ ಏರಿತೆಂಬುದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ಬೆಳಿಗ್ಗೆ ಬಡ್ಡಿಗೆ ತಂದು ಸಂಜೆ ತೀರಿಸುವ ಕೈಸಾಲವೇ ಅಂಥ ಹಲವರ ಬಂಡವಾಳ.

ಆದರೂ ಎರಡು ಕೊರತೆಗಳನ್ನು ಹೇಳದೆ ಇರಲಾಗದು. ಮೊದಲನೆಯದು, ನೆರವು ಪಟ್ಟಿಯಲ್ಲಿ ಹೆಸರಿದ್ದವನಿಗೆ ಮುಟ್ಟುತ್ತದೆ. ಅರ್ಜಿ, ಪ್ರಮಾಣಪತ್ರಗಳ ಹಾದಿಯನ್ನು ಬಲ್ಲವನಿಗೆ ಮುಟ್ಟುತ್ತದೆ. ಅಂಗಡಿಯಲ್ಲಿ ಸಂಬಳಕ್ಕಿದ್ದ ಹುಡುಗ, ಬಾಡಿಗೆ ಕುರ್ಚಿಯಲ್ಲಿ ಕ್ಷೌರ ಮಾಡುವವನು ಯಾವ ಪಟ್ಟಿಯವನು? ಪಟ್ಟಿಯನ್ನು ಬೇನೆ ಬಂದ ಮೇಲೆ ಬರೆಯತೊಡಗಿದರೆ ತಡವಾಗಿರುತ್ತದೆ. ನೆಮ್ಮದಿಯ ಕಾಲದಲ್ಲಿಯೇ ಬರೆದಿಟ್ಟಿರಬೇಕು. ಎರಡನೆಯದು, ಮುಂದೂಡಿದ ಕಂತು ಮಾಫಿಯಾದ ಕಂತಲ್ಲ. ಬಡ್ಡಿ ಬೆಳೆಯುತ್ತಲೇ ಇತ್ತು. ವ್ಯಾಪಾರವೇ ಇಲ್ಲದ ತಿಂಗಳುಗಳ ನಷ್ಟವನ್ನು ಸಾಲದಿಂದ ತುಂಬಿದರೆ, ಬೇನೆ ಹೋದ ಮೇಲೆಯೂ ಬೇನೆಯ ಬಾಬ್ತು ಉಳಿಯುತ್ತದೆ. ಮತ್ತೆ ವ್ಯಾಪಾರ ಹೂಡಲು ಸಾಲ ಸರಿ. ಮುಚ್ಚಿದ್ದ ಕಾಲದ ಹೊಟ್ಟೆಪಾಡಿಗೆ ಬೇಕಾದದ್ದು ನೆರವು. ಇವೆರಡನ್ನು ಬೆರೆಸಬಾರದು.

ಕಿಂಡಿಯ ಉಪಾಯವನ್ನು ಅಂಗಡಿಯವನು ತಾನೇ ಕಂಡುಕೊಳ್ಳುತ್ತಾನೆ. ಅದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಉದರಿಯ ಸರಪಣಿಯನ್ನು ಕಡಿಯದಂತೆ ಹಿಡಿದುಕೊಳ್ಳುವುದು ಅವನ ಬೀದಿಯ ಕೆಲಸ, ಅಂದರೆ ನಮ್ಮ ನಿಮ್ಮ ಕೆಲಸ. ಮುಚ್ಚಿದ ದಿನಗಳ ನಷ್ಟವನ್ನು ಹಂಚಿಕೊಳ್ಳುವುದು ಸರ್ಕಾರದ ಕೆಲಸ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡರ ಮೇಲೆ ಭಾರ ಬೀಳುತ್ತದೆ; ಕಡೆಗೆ ಅದು ಇಳಿಯುವುದು ಎಲ್ಲರಿಗಿಂತ ಸಣ್ಣವನ ಹೆಗಲಿಗೆ. ಬೇನೆಗಳು ಇನ್ನೂ ಬರುತ್ತವೆ. ೧೮೯೮, ೧೯೧೮, ೨೦೨೦ ಎಂಬ ಇಸವಿಗಳನ್ನು ನೋಡಿದರೆ ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಎಲ್ಲರ ಪ್ರಾಣ ಉಳಿಯಲೆಂದು ಬಾಗಿಲು ಹಾಕಿಸುವ ಅಧಿಕಾರ ಊರಿಗೆ ಉಂಟು. ಆ ಬಾಗಿಲು ಮತ್ತೆ ತೆರೆಯುವ ದಿನ ಅಂಗಡಿಯವನ ತಕ್ಕಡಿ ಅವನ ಕೈಯಲ್ಲಿಯೇ ಇರುವಂತೆ ನೋಡಿಕೊಳ್ಳುವ ಹೊಣೆಯೂ ಊರಿನದೇ.